ಮಕ್ಕಳ ಕೈಗೆ ಊರು ಕೊಟ್ಟವರು

1942ರ ಸೆಪ್ಟೆಂಬರ್ ಕೊನೆಯ ವಾರ ಶಿಕಾರಿಪುರ ತಾಲ್ಲೂಕಿನಲ್ಲಿ ಇಬ್ಬರು ಅಮಲ್ದಾರರಿದ್ದರು. ಒಬ್ಬರು ಮೈಸೂರು ಸರ್ಕಾರ ನೇಮಿಸಿದ ಚೆನ್ನಕೃಷ್ಣಪ್ಪ. ಕಚೇರಿ, ಮೊಹರು, ಜವಾನರು, ಪೊಲೀಸ್ ಕಾವಲು ಎಲ್ಲವೂ ಅವರ ಬೆನ್ನಿಗಿತ್ತು. ಇನ್ನೊಬ್ಬ ಈಸೂರಿನ ಜನ ತಾವೇ ನೇಮಿಸಿಕೊಂಡ ಜಯಣ್ಣ, ಹತ್ತು ಹನ್ನೆರಡರ ಹುಡುಗ. ಅವನ ಜೊತೆಗೆ ಅವನದೇ ಓರಗೆಯ ಮಲ್ಲಪ್ಪ, ಸಬ್ ಇನ್‌ಸ್ಪೆಕ್ಟರ್. ಪರಂಗಿಯವರ ಆಳ್ವಿಕೆ ಒಪ್ಪುವುದಿಲ್ಲ, ಅವರ ನೆರಳಿನಲ್ಲಿರುವ ಸರ್ಕಾರಕ್ಕೆ ಕಂದಾಯ ಕೊಡುವುದಿಲ್ಲ ಎಂದು ಸಾರಿದ ಊರು ತನ್ನ ಸರ್ಕಾರದ ಎರಡು ದೊಡ್ಡ ಹುದ್ದೆಗಳನ್ನು ಈ ಇಬ್ಬರು ಮಕ್ಕಳ ಹೆಗಲಿಗೆ ಹಾಕಿತು.

ಯಾಕೆ ಮಕ್ಕಳು? ಇದಕ್ಕೆ ಎಲ್ಲರೂ ಕೊಡುವ ಉತ್ತರ ಒಂದೇ: ವಯಸ್ಸಿಗೆ ಬಾರದವರನ್ನು ಕಾನೂನು ಜೈಲಿಗೆ ಹಾಕುವಂತಿರಲಿಲ್ಲ. ಹಿರಿಯರು ಹುದ್ದೆ ಹಿಡಿದಿದ್ದರೆ ಮೊದಲ ದಿನವೇ ಬೇಡಿ ಬೀಳುತ್ತಿತ್ತು. ಜಾಣ ಲೆಕ್ಕಾಚಾರವೇ ಸರಿ. ಆದರೆ ಈಸೂರಿನ ಕಥೆ ಓದಿದಾಗಲೆಲ್ಲ ನನ್ನ ಮನಸ್ಸು ನಿಲ್ಲುವುದು ಲೆಕ್ಕಾಚಾರದ ಹತ್ತಿರವಲ್ಲ, ಆ ಮಕ್ಕಳ ಮನೆಗಳ ಹತ್ತಿರ. ಯಾವ ತಾಯಿ ತನ್ನ ಮಗನನ್ನು ಅಮಲ್ದಾರನಾಗು ಎಂದು ಕಳಿಸಿದಳು? ಪೊಲೀಸರು ಬಂದೇ ಬರುತ್ತಾರೆಂದು ಗೊತ್ತಿದ್ದೂ ಯಾವ ತಂದೆ ಹೂಂ ಎಂದ? ಮಗುವನ್ನು ಮುಂದೆ ನಿಲ್ಲಿಸುವ ಧೈರ್ಯ ಬರುವುದು ಹಿಂದೆ ಊರೇ ನಿಂತಿದೆ ಎಂಬ ಭರವಸೆಯಿಂದ. ಕಾನೂನು ಮಗುವನ್ನು ಬಿಟ್ಟೀತು, ಬಿಡದೆಯೂ ಇದ್ದೀತು. ಊರು ಬಿಡುವುದಿಲ್ಲ ಎಂಬ ನಂಬಿಕೆ ಆ ಮನೆಗಳಿಗೆ ಇತ್ತು. ಆ ನಂಬಿಕೆ ಹೇಗೆ ಬಂತು ಎಂದು ಹುಡುಕುತ್ತ ಹೋದರೆ ಈಸೂರಿನ ಚರಿತ್ರೆ ಗುಂಡು, ಗಲ್ಲು, ಘೋಷಣೆಗಳಿಂದ ಶುರುವಾಗುವುದಿಲ್ಲ. ಅಡುಗೆಮನೆ, ಗದ್ದೆಬದು, ದೇವಸ್ಥಾನದ ಕಟ್ಟೆಯಿಂದ ಶುರುವಾಗುತ್ತದೆ.

ಶಿಕಾರಿಪುರ, ಸೊರಬ ಅರೆಮಲೆನಾಡು. ಪಶ್ಚಿಮಕ್ಕೆ ಹೋದಂತೆ ಕಾಡು ದಟ್ಟವಾಗುತ್ತದೆ, ಪೂರ್ವಕ್ಕೆ ಬಂದಂತೆ ಬಯಲು ಬಿಚ್ಚಿಕೊಳ್ಳುತ್ತದೆ. ಹಳೆಯ ಕಾಲದ ಹೆಮ್ಮೆಗೆ ಇಲ್ಲಿ ಕೊರತೆಯಿಲ್ಲ. ಕದಂಬರ ತಾಳಗುಂದ, ಅಲ್ಲಮನ ಬಳ್ಳಿಗಾವಿ, ಅಕ್ಕನ ಉಡುತಡಿ ಎಲ್ಲವೂ ಶಿಕಾರಿಪುರದ ಆಸುಪಾಸಿನಲ್ಲೇ ಇವೆ. ಅಲ್ಲಿಂದ ಮುಂದಿನ ಶತಮಾನಗಳನ್ನು ದಾಟಿಬಿಡೋಣ. ರಾಜರು ಬದಲಾದರು, ರೈತ ಬದಲಾಗಲಿಲ್ಲ. ಮಳೆ ಬಿದ್ದರೆ ಭತ್ತ, ಬೀಳದಿದ್ದರೆ ಸಾಲ, ಎರಡರಲ್ಲಿ ಯಾವುದಾದರೂ ಕಂದಾಯ ಮಾತ್ರ ತಪ್ಪದು.

ಕಂದಾಯದ ವಿಷಯದಲ್ಲಿ ಈ ಸೀಮೆಗೆ ಹಳೆಯ ಸಿಟ್ಟೊಂದಿತ್ತು. 1830–31ರಲ್ಲಿ ನಗರದ ಫೌಜುದಾರಿಯ ರೈತರು ಊರೂರಿಗೆ ಕೂಟ ಕಟ್ಟಿ, ಅಮಲ್ದಾರರ ವಸೂಲಿಗೆ ಎದುರು ನಿಂತರು. ಬೂದಿ ಬಸವಪ್ಪನ ಹೆಸರಿನೊಂದಿಗೆ ಬೆಸೆದುಕೊಂಡ ಆ ದಂಗೆ ಮುಮ್ಮಡಿ ಕೃಷ್ಣರಾಜ ಒಡೆಯರ ಆಡಳಿತವನ್ನೇ ಅಲ್ಲಾಡಿಸಿತು. 1831ರಲ್ಲಿ ಬ್ರಿಟಿಷರು ಅದನ್ನೇ ನೆಪ ಮಾಡಿ ಮೈಸೂರನ್ನು ತಮ್ಮ ಕೈಗೆ ತೆಗೆದುಕೊಂಡರು. 1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು. ಅಮಲ್ದಾರರು, ಶಾನುಭೋಗರು, ಪಟೇಲರು ಎಲ್ಲಿದ್ದರೋ ಅಲ್ಲೇ ಉಳಿದರು. ಕಂದಾಯ ಕೊಡೆವೆಂದು ಊರೇ ಕೂಡಿ ನಿಲ್ಲುವ ಬಗೆ ಈ ನೆಲಕ್ಕೆ ಹೊಸದಾಗಿರಲಿಲ್ಲ. 1942ರಲ್ಲಿ ಅದಕ್ಕೆ ಗಾಂಧಿ ಟೋಪಿ ಬಂತು, ಅಷ್ಟೇ.

ಊರೊಂದು ಕೂಡಿ ನಿಲ್ಲುವುದನ್ನು ಜನ ಎಲ್ಲಿ ಕಲಿಯುತ್ತಾರೆ? ಸಭೆಯಲ್ಲಿ ಕಲಿಯುವುದಿಲ್ಲ, ನಾಟಿಯಲ್ಲಿ ಕಲಿಯುತ್ತಾರೆ. ಈ ಕಡೆ ಮುಯ್ಯಾಳು ಎಂಬ ಪದ್ಧತಿ ಇತ್ತು. ಇವತ್ತು ನನ್ನ ಗದ್ದೆಗೆ ನಿಮ್ಮ ಮನೆಯ ಆಳು, ನಾಳೆ ನಿಮ್ಮ ಗದ್ದೆಗೆ ನಮ್ಮ ಮನೆಯ ಆಳು. ಕೂಲಿ ಇಲ್ಲ, ಪುಸ್ತಕದಲ್ಲಿ ಬರೆದಿಡುವುದಿಲ್ಲ, ಆದರೂ ಯಾರೂ ಮರೆಯುವುದಿಲ್ಲ. ನಾಟಿ, ಕಳೆ, ಕೊಯ್ಲು, ಒಕ್ಕಣೆ, ಮನೆ ಹೊದೆಸುವುದು, ಮದುವೆಗೆ ಚಪ್ಪರ ಹಾಕುವುದು ಎಲ್ಲವೂ ಮುಯ್ಯಿಯ ಮೇಲೆ ನಡೆಯುತ್ತಿದ್ದವು. ಮದುವೆ ಮನೆಯಲ್ಲಿ ಮುಯ್ಯಿ ಮಾಡುವುದೂ ಅದೇ. ಒಂದು ಮನೆಯವರು ಮುಯ್ಯಿ ತೀರಿಸದಿದ್ದರೆ ಊರು ಅವರ ಮೇಲೆ ದಂಡ ಹಾಕುತ್ತಿರಲಿಲ್ಲ, ಮುಂದಿನ ಬಾರಿ ಅವರ ಗದ್ದೆಯ ಬದುವಿಗೆ ಯಾರೂ ಬರುತ್ತಿರಲಿಲ್ಲ. ಕೊಟ್ಟು ತೆಗೆದುಕೊಳ್ಳುವ ಈ ಲೆಕ್ಕವೇ ಊರನ್ನು ಹಿಡಿದಿತ್ತು.

ಇನ್ನೊಂದು ಹಿಡಿತ ಮಾತಿನದು. ನಮ್ಮ ಹಳ್ಳಿಗಳಲ್ಲಿ ಜಾತಿ ಬೇರೆಯಾದರೂ ಸಂಬೋಧನೆ ಬೇರೆಯಾಗಿರಲಿಲ್ಲ. ಮಡಿವಾಳರ ಹಿರಿಯ ಗೌಡರ ಮನೆಯ ಮಗುವಿಗೆ ಮಾವ, ಬಡಗಿ ಆಚಾರರ ಮನೆಯಾಕೆ ಅತ್ತೆ, ಎದುರುಮನೆಯ ಮುದುಕಿ ಎಲ್ಲರಿಗೂ ಅವ್ವ. ಒಳಗೆ ಊಟದ ಪಂಕ್ತಿ, ನೀರಿನ ತಂಬಿಗೆ ಎಂಬ ಭೇದಗಳು ಗಟ್ಟಿಯಾಗಿಯೇ ಇದ್ದವು. ಅದನ್ನು ಮುಚ್ಚಿಟ್ಟು ಹಳೆಯ ಹಳ್ಳಿಯನ್ನು ಹೊಗಳುವುದು ನನಗೆ ಬೇಡ. ಆದರೆ ಕಷ್ಟ ಬಂದಾಗ ಮಾವ ಎಂದು ಕರೆಸಿಕೊಂಡವನು ಮಾವನಂತೆ ನಡೆದುಕೊಳ್ಳಲೇಬೇಕು ಎಂಬ ಕಟ್ಟೂ ಅಷ್ಟೇ ಗಟ್ಟಿಯಾಗಿತ್ತು. ಮುಂದೆ ಈ ಹೋರಾಟಕ್ಕಾಗಿ ಗಲ್ಲಿಗೇರಿದ ಊರಿನ ಐವರ ಹೆಸರುಗಳನ್ನೇ ನೋಡಿ: ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ಒಂದೇ ಮನೆ, ಒಂದೇ ಕುಲ ಹೊತ್ತ ಭಾರ ಇದಾಗಿರಲಿಲ್ಲವೆಂದು ಈ ಹೆಸರುಗಳೇ ಹೇಳುತ್ತವೆ.

1942ರ ಆಗಸ್ಟ್ 8ರಂದು ಮುಂಬಯಿಯಲ್ಲಿ ‘ಭಾರತ ಬಿಟ್ಟು ತೊಲಗಿ’ ನಿರ್ಣಯವಾಯಿತು. ಬೆಳಗಾಗುವಷ್ಟರಲ್ಲಿ ಗಾಂಧೀಜಿ ಬಂಧನದಲ್ಲಿದ್ದರು, ದೊಡ್ಡ ನಾಯಕರೆಲ್ಲ ಸೆರೆಮನೆಯಲ್ಲಿದ್ದರು. ಮುಂದೇನು ಮಾಡಬೇಕೆಂದು ಹೇಳುವವರು ಯಾರೂ ಹೊರಗೆ ಉಳಿಯಲಿಲ್ಲ. ಹೀಗಾಗಿ ಆ ವರ್ಷದ ಚಳವಳಿ ಒಂದೊಂದು ಊರಿನಲ್ಲಿ ಆ ಊರಿನವರ ಬುದ್ಧಿಗೆ ತೋಚಿದ ರೂಪ ತಾಳಿತು. ಉತ್ತರದ ಬಲಿಯಾದಲ್ಲಿ ಚಿತ್ತು ಪಾಂಡೆ ಆಗಸ್ಟ್‌ನಲ್ಲೇ ಕೆಲವು ದಿನ ಸರ್ಕಾರ ನಡೆಸಿದರು. ಬಂಗಾಳದ ತಮಲೂಕಿನಲ್ಲಿ ಡಿಸೆಂಬರ್‌ನಲ್ಲಿ ಜಾತೀಯ ಸರ್ಕಾರ ಬಂತು. ಸಾತಾರೆಯಲ್ಲಿ ನಾನಾ ಪಾಟೀಲರ ಪ್ರತಿಸರ್ಕಾರ ಆಮೇಲಿನದು. ಈಸೂರು ದೇಶದಲ್ಲೇ ಮೊದಲು ಸ್ವತಂತ್ರವೆಂದು ಸಾರಿಕೊಂಡ ಹಳ್ಳಿ ಎಂಬ ಮಾತು ನಮ್ಮಲ್ಲಿ ಹಬ್ಬಿದೆ. ಮೊದಲನೆಯದೋ ಎರಡನೆಯದೋ ಎಂಬ ಪಂದ್ಯದಲ್ಲಿ ನನಗೆ ಆಸಕ್ತಿಯಿಲ್ಲ. ಬಲಿಯಾ, ಸಾತಾರೆಗಳ ಸರ್ಕಾರಗಳಿಗೆ ಹೆಸರಾಂತ ನಾಯಕರಿದ್ದರು. ಈಸೂರು ತನ್ನ ಅಮಲ್ದಾರಿಕೆಗೆ ಹುಡುಗನೊಬ್ಬನನ್ನು ಆರಿಸಿತು. ಅದರ ವಿಶೇಷ ಇರುವುದು ಅಲ್ಲಿ.

ಮೈಸೂರು ನೇರ ಬ್ರಿಟಿಷ್ ಆಡಳಿತದಲ್ಲಿರಲಿಲ್ಲ. ಜಯಚಾಮರಾಜ ಒಡೆಯರು ಪಟ್ಟಕ್ಕೆ ಬಂದು ಎರಡು ವರ್ಷವಾಗಿತ್ತು, ದಿವಾನರು ಎನ್. ಮಾಧವರಾಯರು. ಜನರಿಗೆ ಉತ್ತರ ಹೇಳುವ, ಜನರಿಂದ ಆಯ್ಕೆಯಾದ ಜವಾಬ್ದಾರಿ ಸರ್ಕಾರ ಬೇಕೆಂದು ಮೈಸೂರು ಕಾಂಗ್ರೆಸ್ ವರ್ಷಗಳಿಂದ ಕೇಳುತ್ತಿತ್ತು. 1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ, ಅದೇ ತಿಂಗಳು ವಿದುರಾಶ್ವತ್ಥದಲ್ಲಿ ಗುಂಡೇಟಿಗೆ ಬಿದ್ದ ಹೆಣಗಳು ಎಲ್ಲವೂ ಜನರ ನೆನಪಿನಲ್ಲಿ ಹಸಿಯಾಗಿದ್ದವು. ಈಸೂರಿನಲ್ಲಿ ಬೆಳಗಿನ ಪ್ರಭಾತ ಫೇರಿಗಳು ಶುರುವಾದವು. ಸಾಹುಕಾರ ಬಸವಣ್ಣೆಪ್ಪನವರ ಮುಂದಾಳ್ತನದಲ್ಲಿ ಊರು ಒಂದಾಯಿತು. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಪ್ರವೇಶವಿಲ್ಲ ಎಂಬ ಫಲಕ ಊರಬಾಗಿಲಲ್ಲಿ ನಿಂತಿತು. ವೀರಭದ್ರೇಶ್ವರ ದೇವಸ್ಥಾನದ ಮೇಲೆ ತ್ರಿವರ್ಣ ಧ್ವಜ ಏರಿತು.

ಧ್ವಜಕ್ಕೆ ಆ ಜಾಗವೇ ಯಾಕೆ ಎಂಬುದನ್ನು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ವೀರಭದ್ರ ಇಲ್ಲಿ ನೂರಾರು ಮನೆಗಳಿಗೆ ಮನೆದೇವರು. ಮಗುವಿನ ಜವಳ ತೆಗೆಸುವುದು ಅವನ ಎದುರಿಗೆ. ಮದುವೆಗೆ ಮೊದಲು ಗುಗ್ಗುಳ ಎತ್ತುವುದು ಅವನ ಹೆಸರಿಗೆ. ಹರಕೆ, ಆಣೆ, ರಾಜಿ ಎಲ್ಲದಕ್ಕೂ ಅವನೇ ಸಾಕ್ಷಿ. ದಕ್ಷನ ಯಜ್ಞ ಕೆಡಿಸಿದ ದೇವರ ನೆತ್ತಿಯ ಮೇಲೆ ಬಾವುಟ ಕಟ್ಟಿದರೆ ಅದನ್ನು ಇಳಿಸಲು ಬರುವವನು ಮನೆಮನೆಯ ದೇವರನ್ನು ಮುಟ್ಟಬೇಕಾಗುತ್ತದೆ. ರಾಜಕೀಯವನ್ನು ಜನ ತಮ್ಮ ಮನೆತನದ ಆಚಾರದೊಳಕ್ಕೆ ತಂದುಕೊಂಡ ಕ್ಷಣ ಅದು. ಅಲ್ಲಿಂದ ಮುಂದೆ ಚಳವಳಿ ಪತ್ರಿಕೆಯ ಸುದ್ದಿಯಾಗಿ ಉಳಿಯಲಿಲ್ಲ, ಒಕ್ಕಲುಗಳ ಮಾನದ ಮಾತಾಯಿತು.

ಕಂದಾಯ ಕೇಳಲು ಬಂದ ಶಾನುಭೋಗ, ಪಟೇಲರ ಕೈಯಿಂದ ಲೆಕ್ಕದ ಪುಸ್ತಕಗಳನ್ನು ಊರವರು ಕಸಿದುಕೊಂಡರು. ಅವರಿಬ್ಬರೂ ಹೊರಗಿನವರಲ್ಲ, ದಿನಬೆಳಗಾದರೆ ಮುಖ ನೋಡುವವರು, ಹಬ್ಬಕ್ಕೆ ಹೋಳಿಗೆ ಕಳಿಸಿಕೊಳ್ಳುವವರು. ಅವರ ಜೀವಕ್ಕೆ ಆ ದಿನ ಏನೂ ಆಗಲಿಲ್ಲ. ಜನ ಹಿಡಿದದ್ದು ದಫ್ತರವನ್ನು. ರೈತನ ಬಾಳನ್ನು ಗೀಟು ಹೊಡೆದು ಬರೆದಿಟ್ಟ ಆ ಪುಸ್ತಕಗಳ ಮೇಲೆ ನೂರು ವರ್ಷದ ಸಿಟ್ಟಿತ್ತು.

ನಂತರದ್ದು ಸೆಪ್ಟೆಂಬರ್ 28. ಅದು ಸೋಮವಾರ. ಈ ಭಾಗದ ಒಕ್ಕಲುಗಳಲ್ಲಿ ಸೋಮವಾರ ಬಸವಣ್ಣನ ವಾರ, ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅಂಥ ದಿನ ಅಮಲ್ದಾರ ಚೆನ್ನಕೃಷ್ಣಪ್ಪ, ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ ಪೊಲೀಸರೊಡನೆ ಊರಿಗೆ ಬಂದರು. ಊರಿಗೆ ಬಂದವರು ಊರಿನ ಸರ್ಕಾರದ ಮರ್ಯಾದೆಯಂತೆ ಗಾಂಧಿ ಟೋಪಿ ಹಾಕಿಕೊಳ್ಳಬೇಕು ಎಂದು ಜನ ಪಟ್ಟು ಹಿಡಿದರು ಎಂಬುದು ಪರಂಪರೆಯಿಂದ ಬಂದ ಕಥೆ. ಮಾತು ಬೆಳೆಯಿತು. ಲಾಠಿ ಬೀಸಿತು, ಗುಂಡು ಹಾರಿತು, ಜನ ಮುಗಿಬಿದ್ದರು. ಗದ್ದಲ ಇಳಿಯುವಷ್ಟರಲ್ಲಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಹೆಣವಾಗಿದ್ದರು.

ಇಲ್ಲಿ ಬಹಳಷ್ಟು ಬರಹಗಳು ಒಂದು ಸಾಲಿನಲ್ಲಿ ಮುಂದೆ ಓಡಿಬಿಡುತ್ತವೆ. ನಾನು ಓಡಲಾರೆ. ಸತ್ತ ಇಬ್ಬರೂ ಇಂಗ್ಲೆಂಡಿನಿಂದ ಬಂದವರಲ್ಲ. ನಮ್ಮದೇ ಕನ್ನಡ ಆಡುತ್ತಿದ್ದವರು, ನಮ್ಮದೇ ಹಬ್ಬ ಮಾಡುತ್ತಿದ್ದವರು. ಅವರಿಗೂ ಮನೆಯಿತ್ತು, ಅಂದು ಸಂಜೆ ಆ ಮನೆಗಳಿಗೂ ಸುದ್ದಿ ಮುಟ್ಟಿತು. ಪರರ ಆಳ್ವಿಕೆಯ ಅತಿದೊಡ್ಡ ಕೇಡೆಂದರೆ ಇದೇ. ಅದು ತಾನು ದೂರ ಕುಳಿತು ಕನ್ನಡದ ಅಮಲ್ದಾರನನ್ನೂ ಕನ್ನಡದ ರೈತನನ್ನೂ ಊರಬಾಗಿಲಲ್ಲಿ ಎದುರುಬದುರು ನಿಲ್ಲಿಸುತ್ತದೆ. ಈಸೂರಿನ ಧೈರ್ಯವನ್ನು ಮನಸಾರೆ ಗೌರವಿಸುವವರು ಆ ಎರಡು ಸಾವುಗಳನ್ನೂ ಮನಸಾರೆ ನೆನೆಯಬೇಕು. ಒಂದನ್ನು ನೆನೆದರೆ ಇನ್ನೊಂದು ಕಡಿಮೆಯಾಗುವುದಿಲ್ಲ.

ಸೇಡಿಗೆ ಸರ್ಕಾರ ತಡ ಮಾಡಲಿಲ್ಲ. ಪೊಲೀಸರು, ಸೈನಿಕರು ಊರಿಗೆ ನುಗ್ಗಿದರು. ಮನೆಗಳು ಲೂಟಿಯಾದವು, ಬೆಂಕಿಗೆ ಬಿದ್ದವು. ಗಂಡಸರು ಕಾಡು ಸೇರಿದರು. ಕಾಡು ಸೇರಿದವರಿಗೆ ಅನ್ನ ಬೇಕಲ್ಲ? ಅಂಥ ಹೊತ್ತಿನಲ್ಲಿ ರೈತನಿಗೆ ಇರುವ ಆಸರೆ ಎರಡೇ: ಹೆಂಡತಿಯ ತವರು, ಮಗಳನ್ನು ಕೊಟ್ಟ ಬೀಗರ ಮನೆ. ಸುತ್ತ ಹತ್ತು ಹಳ್ಳಿಗಳಿಗೆ ಹೆಣ್ಣು ಕೊಟ್ಟು ಹೆಣ್ಣು ತಂದ ಊರಿಗೆ ಆ ಹಳ್ಳಿಗಳೆಲ್ಲ ನಂಟರ ಮನೆಗಳೇ. ಊರಿನ ಹೆಂಗಸರು, ಮುದುಕರು, ಮಕ್ಕಳು ಬೂಟುಗಾಲಿನ ಎದುರು ಉಳಿದರು.

ಪಂಚಾಂಗ ತೆಗೆದು ಆ ದಿನಗಳನ್ನು ಸಾಲಾಗಿ ಇಟ್ಟು ನೋಡಿದಾಗ ನನಗೆ ಎದೆ ಭಾರವಾಯಿತು. ಸೆಪ್ಟೆಂಬರ್ 28, ಭಾದ್ರಪದ ಬಹುಳ. ಅಂದರೆ ಪಕ್ಷಮಾಸ, ಸತ್ತ ಹಿರಿಯರನ್ನು ನೆನೆದು ಎಡೆ ಇಡುವ ಹದಿನೈದು ದಿನ. ಅದು ಮುಗಿದರೆ ಅಕ್ಟೋಬರ್ ಎರಡನೆಯ ವಾರದಿಂದ ನವರಾತ್ರಿ, ಬನ್ನಿ ಕೊಟ್ಟು ಬಂಗಾರದಂತಿರೋಣ ಎನ್ನುವ ಹಬ್ಬ. ಅಕ್ಟೋಬರ್ 24ರ ಹೊತ್ತಿಗೆ ಶೀಗಿ ಹುಣ್ಣಿಮೆ. ನವೆಂಬರ್ ಮೊದಲ ವಾರದ ಕೊನೆಗೆ ದೀಪಾವಳಿ, ಗೋಪೂಜೆ, ಮಗಳು ಅಳಿಯ ಬರುವ ಹಬ್ಬ. ವರ್ಷದ ಎಲ್ಲ ನಂಟೂ ಮನೆಗೆ ಬರುವ ಋತುವಿನಲ್ಲಿ ಈಸೂರಿನ ಮನೆಗಳು ಬೂದಿಯಾಗಿದ್ದವು, ಮನೆಯ ಗಂಡಸರು ಕಾಡಿನಲ್ಲೋ ಲಾಕಪ್ಪಿನಲ್ಲೋ ಇದ್ದರು.

ಅವುಗಳಲ್ಲಿ ಶೀಗಿ ಹುಣ್ಣಿಮೆಯ ಮಾತನ್ನು ಸ್ವಲ್ಪ ಹೇಳಲೇಬೇಕು. ಸೊರಬ, ಸಾಗರದ ಕಡೆ ಅದನ್ನು ಭೂಮಿ ಹುಣ್ಣಿಮೆ ಎನ್ನುತ್ತಾರೆ. ಆ ಹೊತ್ತಿಗೆ ಭತ್ತ ಹೊಡೆ ತುಂಬಿರುತ್ತದೆ. ತೆನೆ ಹೊತ್ತ ಪೈರನ್ನು ರೈತ ಬಸುರಿ ಮಗಳೆಂದೇ ತಿಳಿಯುತ್ತಾನೆ, ಬಯಕೆ ತೀರಿಸಬೇಕು. ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ದಿನಗಟ್ಟಲೆ ಕೂತು ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅದರ ಮೇಲೆ ಚಿತ್ತಾರ ಬರೆಯುತ್ತಾರೆ. ಬಿಳಿಗೆ ನೆನೆಸಿ ಅರೆದ ಅಕ್ಕಿ, ಕಪ್ಪಿಗೆ ಹುರಿದು ಕರಿ ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ, ಕುಂಚಕ್ಕೆ ಪುಂಡಿನಾರು. ಎಳೆ ತಪ್ಪಬಾರದು. ಅಜ್ಜಿ ಎಳೆದ ಗೆರೆಯನ್ನು ತಾಯಿ ನೋಡಿ ಕಲಿಯುತ್ತಾಳೆ, ತಾಯಿಯದನ್ನು ಮಗಳು. ಹುಣ್ಣಿಮೆಯ ಹಿಂದಿನ ರಾತ್ರಿಯೆಲ್ಲ ಅಡುಗೆ. ಸಿಕ್ಕ ಸಿಕ್ಕ ಸೊಪ್ಪುಗಳ ಬೆರಕೆ, ಕಡುಬು, ಬುತ್ತಿ. ಬೆಳಕು ಹರಿಯುವ ಮೊದಲು ಗಂಡಸರು ಬುಟ್ಟಿ ಹೊತ್ತು ಗದ್ದೆಗೆ ನಡೆದು, ಬೆರಕೆ ಅಂಬಲಿಯನ್ನು ಪೈರಿಗೆ ಎರಚುತ್ತ ಕೂಗುತ್ತಾರೆ. ಪೂಜೆಯಾದ ಮೇಲೆ ಕಾಗೆಗೆ, ಇಲಿಗೆ, ಭೂಮಿಗೆ ಒಂದೊಂದು ಪಾಲು. ಆಮೇಲೆ ಮನೆಮಂದಿಯೆಲ್ಲ ಗದ್ದೆಬದುವಿನಲ್ಲೇ ಕೂತು ಉಣ್ಣುತ್ತಾರೆ. ಶಿಕಾರಿಪುರದ ಒಕ್ಕಲುಗಳಲ್ಲಿ ಚಿತ್ತಾರದ ಬುಟ್ಟಿ ಇಲ್ಲದಿದ್ದೀತು, ಚರಗ ಚೆಲ್ಲುವುದು ಇದ್ದೇ ಇದೆ. ಬಯಕೆ ಬೇಡುವ ಭೂಮಿ ಎರಡೂ ಕಡೆ ಒಂದೇ.

ಆ ವರ್ಷ ಈಸೂರಿನ ಗದ್ದೆಗಳಿಗೆ ಚರಗ ಚೆಲ್ಲುವ ಕೈಗಳಲ್ಲಿ ಎಷ್ಟೋ ಕೈಗಳಿಗೆ ಬೇಡಿ ಬಿದ್ದಿತ್ತು. ಕೊಯ್ಲಿಗೆ ಮುಯ್ಯಾಳು ಕೇಳುವುದಾದರೂ ಯಾರನ್ನು? ಊರೇ ಆರೋಪಿ. ಸ್ವಾತಂತ್ರ್ಯ ಹೋರಾಟದ ಬೆಲೆಯನ್ನು ನಾವು ಗಲ್ಲು, ಸೆರೆಗಳಲ್ಲಿ ಅಳೆಯುತ್ತೇವೆ. ಕೊಯ್ಯುವವರಿಲ್ಲದೆ ಉದುರಿದ ಕಾಳು, ಮುರಿದುಹೋದ ನಿಶ್ಚಿತಾರ್ಥ, ಅಪ್ಪ ಇಲ್ಲದೆ ನಡೆದ ಜವಳ, ಇವುಗಳಿಗೆ ಅಳತೆಗೋಲು ಇನ್ನೂ ಯಾರೂ ಮಾಡಿಲ್ಲ.

ವಿಚಾರಣೆ ಬೇಗ ಮುಗಿಯಿತು. ಐವರಿಗೆ ಗಲ್ಲು ಖಾಯಂ ಆಯಿತು. 1943ರ ಮಾರ್ಚ್ 8ರಂದು ಗುರಪ್ಪ, ಮಲ್ಲಪ್ಪ; 9ರಂದು ಸೂರ್ಯನಾರಾಯಣಾಚಾರ್, ಹಾಲಪ್ಪ; 10ರಂದು ಶಂಕರಪ್ಪ. ಗಲ್ಲಿಗೇರಿದ ಈ ಮಲ್ಲಪ್ಪ ಬೇರೆ, ಸಬ್ ಇನ್‌ಸ್ಪೆಕ್ಟರಾಗಿದ್ದ ಹುಡುಗ ಮಲ್ಲಪ್ಪ ಬೇರೆ. ಮಾರ್ಚ್ 8 ಕೂಡ ಸೋಮವಾರ. ಶಿವರಾತ್ರಿ ಕಳೆದು ವಾರ ತುಂಬಿರಲಿಲ್ಲ, ಯುಗಾದಿಗೆ ಇನ್ನೂ ತಿಂಗಳು ಬಾಕಿಯಿತ್ತು. ಗಲ್ಲಾದದ್ದು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ. ಅದೇ ಜೈಲಿನ ಜಾಗ ಇವತ್ತು ಫ್ರೀಡಂ ಪಾರ್ಕ್. ಅಂಗನವಾಡಿ ಕಾರ್ಯಕರ್ತೆಯರು, ಬಿಸಿಯೂಟದ ಅಡುಗೆಯವರು, ರೈತರು ಸರ್ಕಾರವನ್ನು ಪ್ರಶ್ನಿಸಲು ಈಗ ಬಂದು ಕೂರುವುದು ಅಲ್ಲಿಯೇ. ಹಾಗೆ ಬಂದವರಲ್ಲಿ ಎಷ್ಟು ಮಂದಿಗೆ ಆ ಐದು ಹೆಸರು ಗೊತ್ತು?

ಈ ಸಾವುಗಳಾಗಿ ಮೂರು ವಾರ ಕಳೆಯುತ್ತಿದ್ದಂತೆ, 1943ರ ಏಪ್ರಿಲ್ 1ರಂದು, ಹಾವೇರಿ ಸೀಮೆಯ ಹೊಸರಿತ್ತಿಯಲ್ಲಿ ಮೈಲಾರ ಮಹದೇವಪ್ಪ ಇಬ್ಬರು ಸಂಗಾತಿಗಳೊಡನೆ ಪೊಲೀಸರ ಗುಂಡಿಗೆ ಬಲಿಯಾದರು. ಅವರು ಮುತ್ತಿದ್ದು ಕಂದಾಯದ ಹಣವಿಟ್ಟಿದ್ದ ಜಾಗವನ್ನು, ಆ ಹಣ ಇದ್ದದ್ದು ವೀರಭದ್ರನ ಗುಡಿಯಲ್ಲಿ. ಅದು ಮುಂಬಯಿ ಪ್ರಾಂತ್ಯ, ಇದು ಮೈಸೂರು ಸಂಸ್ಥಾನ. ನಡುವೆ ಗಡಿ ಇದ್ದದ್ದು ನಕ್ಷೆಯಲ್ಲಿ ಮಾತ್ರ. ಕಂದಾಯದ ನೋವು ಒಂದೇ, ಮನೆದೇವರೂ ಒಬ್ಬನೇ.

ಇನ್ನು ಈಸೂರಿನ ಮೂವರು ಹೆಂಗಸರ ಮಾತು: ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ. ಜೀವಾವಧಿ ಶಿಕ್ಷೆಗೆ ಗುರಿಯಾದವರಲ್ಲಿ ಇವರೂ ಇದ್ದರು. ಐವರು ಹುತಾತ್ಮರ ಹೆಸರು ಭಾಷಣಗಳಲ್ಲಾದರೂ ಬರುತ್ತದೆ. ಈ ಮೂವರದ್ದು ಬಂದರೆ ‘ಮಹಿಳೆಯರೂ ಭಾಗವಹಿಸಿದ್ದರು’ ಎಂಬ ಒಂದು ವಾಕ್ಯದ ಬಾಲದಲ್ಲಿ. ನನ್ನ ಸಿಟ್ಟು ಇರುವುದು ಇಲ್ಲೇ. ತವರಿನಿಂದ ಗಂಡನ ಮನೆಗೆ, ಅಲ್ಲಿಂದ ಗದ್ದೆಗೆ, ಸಂತೆಗೆ, ಜಾತ್ರೆಗೆ, ಅಷ್ಟರಲ್ಲೇ ಲೋಕ ಮುಗಿಯುತ್ತಿದ್ದ ಕಾಲದಲ್ಲಿ ಹಳ್ಳಿಯ ಹೆಣ್ಣೊಬ್ಬಳು ಕಟಕಟೆಯಲ್ಲಿ ನಿಂತು ಜೀವಮಾನದ ಸೆರೆಯ ತೀರ್ಪು ಕೇಳಿಸಿಕೊಂಡಳು ಎಂದರೆ ಅದೇನು ಸಣ್ಣ ಮಾತೇ? ಅವಳ ಮಕ್ಕಳನ್ನು ಯಾರು ಸಾಕಿದರು? ಅವಳ ಒಲೆ ಯಾರು ಹಚ್ಚಿದರು? ಕೆಲವು ವರ್ಷಗಳ ಮೇಲೆ ಅವಳು ಮನೆಗೆ ಮರಳಿದಾಗ ಎದುರುಗೊಂಡವರು ಯಾರು? ಈ ಪ್ರಶ್ನೆಗಳನ್ನು ಅವರು ಬದುಕಿದ್ದಾಗ ಕೂತು ಕೇಳಿ ಬರೆದಿಡುವ ಕೆಲಸ ನಮ್ಮ ವಿದ್ವತ್ತಿಗೆ ಮುಖ್ಯ ಎನಿಸಲಿಲ್ಲ. ದಫ್ತರ ಹೇಳಿದ್ದನ್ನು ಬರೆದೆವು, ಒಲೆಯ ಮುಂದೆ ಹೇಳಿದ್ದನ್ನು ಬಿಟ್ಟೆವು. ಅಕ್ಕನ ಉಡುತಡಿಯ ಸೀಮೆಯ ಹೆಂಗಸರಿಗೆ ಈ ಗತಿ.

ದೇಶಕ್ಕೆ ಸ್ವಾತಂತ್ರ್ಯ ಬಂತು. 1947ರ ಅಕ್ಟೋಬರಿನಲ್ಲಿ, ‘ಮೈಸೂರು ಚಲೋ’ ಚಳವಳಿ ಆದ ಮೇಲೆ, ಕೆ.ಸಿ. ರೆಡ್ಡಿಯವರ ನೇತೃತ್ವದಲ್ಲಿ ಜವಾಬ್ದಾರಿ ಸರ್ಕಾರವೂ ಬಂತು. ಈಸೂರಿನ ಫಲಕ ಕೇಳಿದ್ದು ಐದು ವರ್ಷ ತಡವಾಗಿ ಬೆಂಗಳೂರಿಗೆ ತಲುಪಿತು. 1951ರಲ್ಲಿ ಅದೇ ಜಿಲ್ಲೆಯ ಕಾಗೋಡಿನಲ್ಲಿ ದೀವರ ಗೇಣಿದಾರರು ಅಳತೆಯ ಕೊಳಗದ ಅನ್ಯಾಯಕ್ಕೆ ಎದುರಾಗಿ ಸತ್ಯಾಗ್ರಹ ಹೂಡಿದರು, ಎಚ್. ಗಣಪತಿಯಪ್ಪ ಸಂಘಟಿಸಿದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಪರಂಗಿಯವರು ಹೋದರೂ ಉತ್ತವನ ಪಾಲು ಉತ್ತವನಿಗೆ ಬರಲು ಇನ್ನೂ ಬಡಿದಾಡಬೇಕಿತ್ತು. ಭೂಮಿ ಹುಣ್ಣಿಮೆಗೆ ಬುಟ್ಟಿ ಹೊತ್ತು ಗದ್ದೆಗೆ ಹೋಗುತ್ತಿದ್ದ ಮನೆಗಳೇ ಕಾಗೋಡಿನಲ್ಲಿ ಬೀದಿಗೆ ಬಂದದ್ದು. ಈ ಸೀಮೆಯಲ್ಲಿ ಚಳವಳಿಗೂ ಮನೆತನಕ್ಕೂ ನಡುವೆ ಗೋಡೆಯೇ ಇರಲಿಲ್ಲ ಎಂದು ನಾನು ಹೇಳುವುದು ಅದಕ್ಕೇ.

ಆಮೇಲೆ ಈಸೂರು ಪಾಠವಾಯಿತು, ಘೋಷಣೆಯಾಯಿತು. ಏಸೂರು ಕೊಟ್ಟರೂ ಈಸೂರು ಕೊಡೆವು ಎಂಬ ಮಾತನ್ನು ಶಾಲೆಯಲ್ಲಿ ಕೇಳದ ಕನ್ನಡಿಗನಿಲ್ಲ. ಪ್ರಾಸ ಚೆನ್ನಾಗಿದೆ, ಬಾಯಲ್ಲಿ ನಿಲ್ಲುತ್ತದೆ. ಆದರೆ ಘೋಷಣೆ ಎಷ್ಟು ಗಟ್ಟಿಯಾಗಿ ನಿಂತಿತೋ ಅದರ ಹಿಂದಿನ ಊರು ಅಷ್ಟೇ ಮಸುಕಾಯಿತು. ಆಗಸ್ಟ್ ತಿಂಗಳಲ್ಲಿ ಹಾರ, ಭಾಷಣ, ಫೋಟೊ. ಸೆಪ್ಟೆಂಬರ್ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಸೆಪ್ಟೆಂಬರ್ 28ರಂದು ನಾಡಿನ ಎಷ್ಟು ಶಾಲೆಗಳಲ್ಲಿ ಹುಡುಗ ಅಮಲ್ದಾರನ ಕಥೆ ಹೇಳುತ್ತಾರೆ? ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ನಮ್ಮ ಸ್ವಾತಂತ್ರ್ಯ ಚರಿತ್ರೆಯಲ್ಲಿ ಇನ್ನೆಲ್ಲಿದೆ?

ಊರು ಕೂಡಿ ನಿಲ್ಲುವಂತೆ ಮಾಡಿದ್ದ ಕಟ್ಟುಗಳೂ ಒಂದೊಂದಾಗಿ ಸಡಿಲಾದವು. ಕೊಯ್ಲಿಗೆ ಯಂತ್ರ ಬಂದ ಮೇಲೆ ಮುಯ್ಯಾಳು ಯಾರಿಗೂ ಬೇಡವಾಯಿತು. ಮೈ ನೋವು ಇಳಿಯಿತು, ಸಂತೋಷ. ಹೆಂಗಸರ ಬೆನ್ನು ಬಾಗುವುದು ತಪ್ಪಿತು, ಇನ್ನೂ ಸಂತೋಷ. ಆದರೆ ಯಂತ್ರದ ಬಾಡಿಗೆ ಕೊಟ್ಟರೆ ಲೆಕ್ಕ ಅಲ್ಲಿಗೇ ಚುಕ್ತಾ, ಮುಯ್ಯಿಯ ಲೆಕ್ಕ ಚುಕ್ತಾ ಆಗುತ್ತಲೇ ಇರಲಿಲ್ಲ. ಯಾರೋ ಯಾರಿಗೋ ಯಾವಾಗಲೂ ಒಂದು ದಿನದ ದುಡಿಮೆ ಬಾಕಿ ಇರುತ್ತಿದ್ದರು. ಆ ಬಾಕಿಯೇ ಮನೆ ಮನೆಗಳನ್ನು ಹೊಲಿದಿಟ್ಟ ದಾರ. ಭತ್ತದ ಜಾಗಕ್ಕೆ ಮುಸುಕಿನಜೋಳ ಬಂತು, ಶುಂಠಿ ಬಂತು, ಅಡಿಕೆ ಬಂತು. ಭತ್ತ ಹೋದಲ್ಲಿ ಹೊಡೆ ತುಂಬುವ ಪೈರೂ ಹೋಯಿತು, ಅದಕ್ಕೆ ಬಯಕೆ ತೀರಿಸುವ ಹುಣ್ಣಿಮೆಯೂ ತೆಳುವಾಯಿತು. ಮದುವೆಮನೆಯ ಗೋಡೆಗೆ ಬರೆಯುವ ಹಸೆ ಚಿತ್ತಾರ ಗೋಡೆ ಬಿಟ್ಟು ಚೌಕಟ್ಟಿಗೆ ಬಂದು, ನಗರದ ಮೇಳಗಳಲ್ಲಿ ಮಾರಾಟವಾಗುತ್ತಿದೆ. ಬರೆಯುವ ಕೈಗಳಿಗೆ ಕಾಸು ಸಿಗಲಿ, ಸಿಗಲೇಬೇಕು. ಮದುವೆಯ ಹಸೆಗೋಡೆಯ ಮುಂದೆ ಅಜ್ಜಿ, ತಾಯಿ, ಮಗಳು ಮೂವರೂ ಒಟ್ಟಿಗೆ ಕೂರುತ್ತಿದ್ದ ಆ ಮಧ್ಯಾಹ್ನಗಳನ್ನು ಯಾವ ಮೇಳವೂ ತಂದುಕೊಡಲಾರದು.

ಹಳೆಯದೆಲ್ಲ ಮರಳಲಿ ಎಂದು ನಾನು ಕೇಳುತ್ತಿಲ್ಲ. ಪಂಕ್ತಿಭೇದ ಮರಳುವುದು ಬೇಡ, ಬಾಲ್ಯವಿವಾಹ ಬೇಡ, ಹೆಂಗಸರನ್ನು ಒಲೆಗೆ ಕಟ್ಟಿಹಾಕುವುದು ಬೇಡ. ನಾನು ಕೇಳುವುದು ಕೈಗೆಟುಕುವ ಮೂರು ಕೆಲಸ. ಮೊದಲನೆಯದು, ಈಸೂರಿನ ಹೋರಾಟವನ್ನು ಮನೆವಾರು ಬರೆಯಬೇಕು. ಯಾವ ಮನೆಯಿಂದ ಯಾರು ಹೋದರು, ಆ ಮನೆಯನ್ನು ಆಮೇಲೆ ಯಾರು ನಡೆಸಿದರು, ನಂಟರು ಹೇಗೆ ನಡೆದುಕೊಂಡರು ಎಂಬುದನ್ನು ಮೊಮ್ಮಕ್ಕಳ ನೆನಪು ಮಾಸುವ ಮುಂಚೆ ಧ್ವನಿಮುದ್ರಿಸಬೇಕು. ಶಿವಮೊಗ್ಗ ಜಿಲ್ಲೆಯಲ್ಲೇ ಕುವೆಂಪು ಹೆಸರಿನ ವಿಶ್ವವಿದ್ಯಾಲಯವಿದೆ, ಕನ್ನಡ, ಇತಿಹಾಸ ಓದುವ ವಿದ್ಯಾರ್ಥಿಗಳಿದ್ದಾರೆ. ಒಂದು ಬೇಸಿಗೆಯಲ್ಲಿ ಆಗುವ ಕೆಲಸ. ಎರಡನೆಯದು, ಈಸೂರಿನ ಹೆಸರು ಬಂದಲ್ಲೆಲ್ಲ ಐವರು ಹುತಾತ್ಮರ ಜೊತೆಗೆ ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಎಂಬ ಮೂರು ಹೆಸರೂ, ಜಯಣ್ಣ, ಮಲ್ಲಪ್ಪ ಎಂಬ ಇಬ್ಬರು ಹುಡುಗರ ಹೆಸರೂ ಬರಬೇಕು. ಮೂರನೆಯದು ಓದುಗರಾದ ನಿಮ್ಮದು. ಈ ಭಾನುವಾರ ನಿಮ್ಮ ಮನೆಯ ಹಿರಿಯರ ಪಕ್ಕ ಕೂತು, ಅವರ ಕಾಲದಲ್ಲಿ ಯಾವ ಮನೆಯ ಮುಯ್ಯಿ ಯಾವ ಮನೆಗೆ ಇತ್ತು ಎಂದು ಕೇಳಿ ಬರೆದಿಡಿ.

ಇದೆಲ್ಲ ಯಾಕೆ ಬೇಕು ಎಂದರೆ, ಧೈರ್ಯ ಒಬ್ಬೊಬ್ಬರ ಎದೆಯಲ್ಲಿ ತಾನಾಗಿ ಹುಟ್ಟುವುದಿಲ್ಲ. ನಾನು ಬಿದ್ದರೆ ನನ್ನ ಮಕ್ಕಳಿಗೆ ಅನ್ನ ಹಾಕುವ ನಾಲ್ಕು ಮನೆಗಳಿವೆ ಎಂದು ಗೊತ್ತಿರುವವನು ಮಾತ್ರ ಊರಬಾಗಿಲಿಗೆ ಹೋಗಿ ನಿಲ್ಲುತ್ತಾನೆ. ಈಸೂರಿನವರಿಗೆ ಅಂಥ ಮನೆಗಳು ಗೊತ್ತಿದ್ದವು. ನಾಳೆ ನಮಗೆ ಅನ್ಯಾಯ ಎದುರಾದರೆ ನಮ್ಮ ಪಕ್ಕ ಯಾವ ನಾಲ್ಕು ಮನೆಗಳಿವೆ ಎಂದು ನಾವು ಇವತ್ತೇ ಎಣಿಸಿಕೊಳ್ಳಬೇಕು. ಎಣಿಕೆ ಕಡಿಮೆಯಾದರೆ ಆ ಮನೆಗಳ ಕಷ್ಟಕ್ಕೆ ಮೊದಲು ನಾವು ಹೋಗಬೇಕು. ಮುಯ್ಯಿ ಶುರುವಾಗುವುದು ಕೊಡುವುದರಿಂದ.